ಭಾವ ಬಿದ್ದರೋ ಇಲ್ಲವೋ

ಇದು ನಡೆದದ್ದು. ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಹೇಳುತ್ತೇನೆ, ಒಂದಕ್ಷರ ಸುಳ್ಳಿಲ್ಲ. ಸುಳ್ಳಾದರೆ ಜೀವಮಾನವಿಡೀ ನನಗೆ ಎದುರುಗಾಳಿಯೇ ಬೀಸಲಿ, ಸೀಟಿನ ಸ್ಪ್ರಿಂಗು ಮೇಲೆದ್ದು ಚುಚ್ಚಲಿ. ಊರವರು ನನ್ನನ್ನು ಬುರುಡೆ ಎಂದು ಕರೆಯುತ್ತಾರೆ, ಹೌದು. ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಆದರೆ ಬುರುಡೆ ಬಿಡುವವನ ಬದುಕಿನಲ್ಲೂ ಒಂದೆರಡು ನಿಜ ನಡೆಯುತ್ತವಲ್ಲ. ಪಾಪ, ಅವನು ಅವನ್ನು ಎಲ್ಲಿಟ್ಟುಕೊಳ್ಳಬೇಕು?

ನಾನು ಓದಿದವನಲ್ಲ. ಶಾಲೆಗೆ ಹೋದದ್ದು ಮಳೆ ಬಂದಾಗ ನಿಲ್ಲುವುದಕ್ಕೆ ಮಾತ್ರ. ಹಾಗಾಗಿ ಹಿಂದುಮುಂದಾದರೆ ಹೊಂದಿಸಿಕೊಳ್ಳಿ.

ನಮ್ಮ ನೆಲ ನೋಡಿದ್ದೀರಲ್ಲ, ಇಸ್ತ್ರಿ ಹಾಕಿ ಹಾಸಿದ ಹಾಗಿದೆ. ಯಾವ ಕಾಲದಲ್ಲೋ ಬಂದ ನೀರು ಎತ್ತ ಹರಿಯಬೇಕೆಂದು ತಿಳಿಯದೆ ಯೋಚನೆ ಮಾಡುತ್ತಾ ಇಲ್ಲೇ ನಿಂತುಬಿಟ್ಟಿತು. ಆ ಯೋಚನೆಗೇ ಜನ ಜವುಗು ಎನ್ನುತ್ತಾರೆ. ಜವುಗಿನ ಪಕ್ಕ ಹೊಲ, ಹೊಲದ ಪಕ್ಕ ಕಾಲುವೆ, ಎಲ್ಲದರ ನಡುವೆ ಈ ಮಣ್ಣಿನ ಏರಿ. ಪಂಪ್‌ಹೌಸಿನ ಹತ್ತಿರ ಏರಿಯ ಬಾಯಲ್ಲಿ ಎರಡು ಕಲ್ಲುಕಂಬಗಳಿವೆ. ಅವುಗಳ ನಡುವೆ ಸೈಕಲ್ಲಿನ ಹ್ಯಾಂಡಲ್ ತೂರುತ್ತದೆ, ಇನ್ನೇನೂ ತೂರುವುದಿಲ್ಲ. ಒಬ್ಬ ಗುತ್ತಿಗೆದಾರ ಮೋಟಾರ್ ಬೈಕ್ ನುಗ್ಗಿಸಲು ನೋಡಿ ಸಿಕ್ಕಿಹಾಕಿಕೊಂಡ. ಬೈಕ್ ಬಿಡಿಸಲು ಒಂದು ಡಬ್ಬಿ ಎಣ್ಣೆ ಸಾಕಾಯಿತು. ಅವನನ್ನು ಬಿಡಿಸಲು ಸಾಲಲಿಲ್ಲ.

ಆ ಕಂಬ ದಾಟಿದರೆ ಹಾರ್ನ್ ಇಲ್ಲ, ಹೊಗೆಯಿಲ್ಲ. ಚೈನಿನ ಸದ್ದು, ಜೊಂಡಿನ ಸದ್ದು, ಹಕ್ಕಿಯ ಸದ್ದು. ಇದನ್ನೇ ನೋಡಲು ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ಅವರಿಗೆ ಸೈಕಲ್ ಕೊಟ್ಟು, ಏರಿಯ ತುದಿಯವರೆಗೆ ಸುತ್ತಾಡಿಸಿ ತರುವುದು ನಮ್ಮ ಕಸುಬು. ಶುರುಮಾಡಿದವರು ನನ್ನ ಅಕ್ಕನ ಗಂಡ. ನಾನು ಅವರ ಬಾಲ.

ಬಾಲ ಎಂದರೆ ನಿಜವಾಗಿಯೂ ಬಾಲ. ಸಾಲು ಹೊರಟರೆ ಭಾವ ಎಲ್ಲರಿಗಿಂತ ಮುಂದೆ, ನಡುವೆ ಬಂದ ಜನ, ಕೊನೆಗೆ ಪಂಪು, ಪ್ಯಾಚು, ಸೊಲ್ಯೂಷನ್ ಹೊತ್ತ ನಾನು. ಮುಂದಿರುವವರು ಕಂಡದ್ದನ್ನು ಕೂಗಬೇಕು, ಅದು ನಮ್ಮ ಕಟ್ಟಳೆ. ಭಾವ "ಗುಂಡಿ!" ಎಂದರೆ ಹಿಂದಿನವನು "ಗುಂಡಿ!" ಎನ್ನಬೇಕು, ಅವನ ಹಿಂದಿನವಳೂ ಹಾಗೇ. "ಹಸು!", "ಎಡಕ್ಕೆ!", "ನಿಧಾನ!" ಹೀಗೆ ಕೂಗು ಬಾಯಿಂದ ಬಾಯಿಗೆ ದಾಟಿಕೊಂಡು ನನ್ನ ತನಕ ಬರುತ್ತಿತ್ತು. ನನ್ನ ಹಿಂದೆ ಯಾರೂ ಇರುತ್ತಿರಲಿಲ್ಲ. ಆದರೂ ಅಭ್ಯಾಸಬಲ, ನಾನು ತಿರುಗಿ ಖಾಲಿ ಏರಿಗೆ "ಗುಂಡಿ!" ಎನ್ನುತ್ತಿದ್ದೆ. ಹಿಂದೆ ನಡೆದು ಬರುವ ಬಾತುಕೋಳಿಯಾದರೂ ಬದುಕಿಕೊಳ್ಳಲಿ ಎಂದು.

ಆಮೇಲೆ ಭಾವನ ಕಣ್ಣು ಹೋಗತೊಡಗಿತು.

ಒಂದೇ ಸಲ ಹೋಗಲಿಲ್ಲ. ಮೊದಲು ಪಕ್ಕಗಳು ಹೋದವು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ತಟ್ಟೆಯ ಪಕ್ಕದ ಲೋಟ ಉರುಳಿಸುವುದು. ಚೀಲದ ಬಾಯಿಗೆ ಕಟ್ಟಿದ ದಾರವನ್ನು ಯಾರೋ ದಿನಾ ಒಂದಿಷ್ಟು ಬಿಗಿಯುತ್ತಿದ್ದ ಹಾಗೆ. ಡಾಕ್ಟರು ದೀಪ ಹಾಕಿ ನೋಡಿದರು, ದೀಪ ಆರಿಸಿ ನೋಡಿದರು, ಇದಕ್ಕೆ ಮದ್ದಿಲ್ಲ ಎಂದರು. ಈಗ ಹೇಗೆ ಕಾಣುತ್ತದೆ ಎಂದು ನಾನು ಕೇಳಿದ್ದಕ್ಕೆ ಭಾವ, "ಪಂಪಿನ ಕೊಳವೆ ಕಣ್ಣಿಗಿಟ್ಕೊಂಡ ಹಾಗೆ" ಎಂದರು. ಆ ದಿನಗಳಲ್ಲೇ ಒಮ್ಮೆ ಒಬ್ಬರೇ ಸೈಕಲ್ ತುಳಿದು ಹೋಗಿ ಕಾಲುವೆಗೆ ಉರುಳಿ ಹೆಗಲ ಮೂಳೆ ಮುರಿದುಕೊಂಡರು. ಅದು ಕೂಡುವ ತನಕ ಅಕ್ಕನೇ ತುತ್ತಿಟ್ಟಳು.

ಮೂಳೆ ಕೂಡಿತು. ಭಾವ ಮಾತ್ರ ಶೆಡ್ಡು ಬಿಟ್ಟು ಹೊರಗೆ ಬರಲಿಲ್ಲ. ಕೊಕ್ಕೆಗಳಿಗೆ ತೂಗುಹಾಕಿದ ಸೈಕಲ್ಲುಗಳ ಕೆಳಗೆ ಸ್ಟೂಲಿನ ಮೇಲೆ ಕೂತು, ನೀರಿನ ಟಬ್ಬಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವ ಜಾಗವನ್ನು ಬೆರಳಿನಿಂದ ಹುಡುಕುತ್ತಿದ್ದರು. ನಾನು ಜನರನ್ನು ಕರೆದುಕೊಂಡು ಹೊರಟಾಗ ತಲೆ ಎತ್ತುತ್ತಿರಲಿಲ್ಲ. ಆದರೆ ಅವರ ಸ್ವಂತ ಸೈಕಲ್ಲಿಗೆ ಮಾತ್ರ ದಿನಾ ಗಾಳಿ, ದಿನಾ ಎಣ್ಣೆ. ಎಲ್ಲಿಗೂ ಹೋಗದ ಸೈಕಲ್ಲು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದಾಗೆಲ್ಲ ಅಕ್ಕ ಮುಖ ತಿರುಗಿಸುತ್ತಿದ್ದಳು.

ಒಂದು ಬೆಳಗ್ಗೆ ಅಕ್ಕ ಬಟ್ಟೆ ಹಿಂಡುತ್ತಿದ್ದಳು. ಭಾವ ಶೆಡ್ಡಿನಿಂದಲೇ ಹೇಳಿದರು, "ಕೊನೇ ತೂಬಿನವರೆಗೆ ಹೋಗಿಬರ್ತೀನಿ."

ತೂಬು ಎಂದರೆ ನೀರು ಬಿಡುವ ಕಬ್ಬಿಣದ ಬಾಗಿಲು. ಕೊನೆಯದು ಏರಿಯ ತುದಿಯಲ್ಲಿದೆ. ಅದರಾಚೆ ಬರೀ ನೀರು.

"ಇವನು ಕರ್ಕೊಂಡ್ ಹೋಗ್ತಾನೆ ಬಿಡಿ, ಇಬ್ಬರು ತುಳಿಯೋ ಜೋಡಿ ಸೈಕಲ್ ಇದೆಯಲ್ಲ," ಎಂದಳು ಅಕ್ಕ.

"ಹಿಂದಿನ ಸೀಟಲ್ಲಿ ಕೂರೋಕೆ ನಾನೇನು ಮೂಟೆನಾ? ನನ್ನ ಸೈಕಲ್ಲು, ನಾನೇ ತುಳೀತೀನಿ."

"ಕಣ್ಣಿಲ್ಲದೆ?"

"ಇನ್ನೂ ಒಂಚೂರು ಇದೆ. ಅದು ಇರೋವಾಗ್ಲೇ ಹೋಗ್ಬೇಕು."

ಅಕ್ಕ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಒಂದು ಹನಿ ನೀರು ಉಳಿದಿರಲಿಲ್ಲ ಅದರಲ್ಲಿ. ಆಮೇಲೆ ಹೇಳಿದಳು, "ಹೋಗಿ. ಆದ್ರೆ ಒಂದು ಮಾತು. ಒಂದೇ ಒಂದು ಸಲ ಬಿದ್ರೂ ಆ ಸೈಕಲ್ಲು ಈ ಮನೇಲಿರಲ್ಲ. ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಆಮೇಲೆ ನೀವು ಅದರ ಮಾತೆತ್ತಬಾರದು. ನನ್ನ ಕೈಲಿ ಇನ್ನೊಂದ್ಸಲ ಆಗಲ್ಲ."

"ಆಯ್ತು," ಎಂದರು ಭಾವ.

ಚೌಕಾಸಿಯಿಲ್ಲ, ಜಗಳವಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಆ ಸೈಕಲ್ಲು ಹೋದರೆ ಶೆಡ್ಡಿನಲ್ಲಿ ಉಳಿಯುವುದು ಸ್ಟೂಲಿನ ಮೇಲೊಂದು ಅಂಗಿ ಮಾತ್ರ ಎಂದು ನನಗೆ ಗೊತ್ತಿತ್ತು.

ಉಪಾಯ ಭಾವನದೇ. ನಾನು ಮುಂದೆ ಹೋಗಬೇಕು. ನನ್ನ ಮಡ್‌ಗಾರ್ಡಿಗೆ ಬಿಳಿ ಬಣ್ಣ ಬಳಿಯಬೇಕು. ಬೆಳಕಿದ್ದಾಗ ಅದು ಅವರ ಕೊಳವೆಯೊಳಗೆ ಸಿಗುತ್ತದೆ. ಸಿಗದಿದ್ದಾಗ ಅವರು ನನ್ನ ದನಿ ಹಿಡಿದು ಬರುತ್ತಾರೆ.

"ಅದಕ್ಕೇ ಹೇಳ್ತಿದ್ದೀನಿ, ಹೊರಟಾಗಿನಿಂದ ತಲುಪೋವರೆಗೂ ನೀನು ಬಾಯಿ ಮುಚ್ಚಬಾರದು."

ಹುಟ್ಟಿದಾಗಿನಿಂದ ಯಾರೂ ನನಗೆ ಹೇಳಿರದ ಮಾತು ಅದು. ನನ್ನ ಕಣ್ಣು ತುಂಬಿ ಬಂತು.

ಹೊರಟೆವು. ಕಂಬಗಳ ನಡುವೆ ಭಾವ ಇಳಿಯಲಿಲ್ಲ, ಹಾಗೇ ತೂರಿಸಿದರು. ಒಂದು ಕೂದಲೂ ತಾಗಲಿಲ್ಲ. ಅಕ್ಕ ಕಂಬದ ಹತ್ತಿರ ನಿಂತಿದ್ದಳು.

ಮೊದಲರ್ಧ ಪೂರ್ತಿ ಎದುರುಗಾಳಿ. ನಮ್ಮ ಗಾಳಿ ಎಂಥದ್ದೆಂದರೆ, ಒಮ್ಮೆ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆವರಿಳಿಸಿ ತುಳಿದು ತಲೆ ಎತ್ತಿ ನೋಡಿದರೆ ನಮ್ಮ ಮನೆಯ ಹಿತ್ತಲಲ್ಲಿದ್ದೆ. ಇದನ್ನೇ ಅಂದು ಭಾವನಿಗೆ ಹೇಳಿದೆ. ಗಾಳಿ ನನ್ನ ಮಾತನ್ನು ಬಾಯಿಂದ ಕಿತ್ತುಕೊಂಡು ನೇರ ಅವರ ಕಿವಿಗೆ ಹಾಕುತ್ತಿತ್ತು. ಹಿಂದಿನಿಂದ ನಗು ಕೇಳಿಸುತ್ತಿತ್ತು. ಕಥೆ, ನಡುವೆ "ಗುಂಡಿ!", ಮತ್ತೆ ಕಥೆ, ನಡುವೆ "ಹಸು, ಬಲಕ್ಕೆ!". ಭಾವನ ಸೈಕಲ್ಲು ದಾರ ಎಳೆದ ಹಾಗೆ ಬರುತ್ತಿತ್ತು.

ಕಾಲುವೆಯ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬಳು ಕುಡುಗೋಲು ಎತ್ತಿ ಕೂಗಿದಳು, "ಏನ್ರಪ್ಪಾ, ಇವತ್ತು ಉಲ್ಟಾ! ಬಾಲ ಮುಂದೆ, ತಲೆ ಹಿಂದೆ?"

"ತಲೆಗೆ ದಾರಿ ಕಾಣದಿದ್ರೆ ಬಾಲಾನೇ ಗತಿ ಕಣಜ್ಜಿ!" ಎಂದರು ಭಾವ. ಎಷ್ಟೋ ದಿನಗಳ ಮೇಲೆ ಅವರು ಹಾಸ್ಯ ಮಾಡಿದ್ದು ಅದು.

ಅರ್ಧ ದಾರಿಯಲ್ಲಿ ಏರಿ ಜವುಗನ್ನು ಬಳಸಿಕೊಂಡು ಗಕ್ಕನೆ ತಿರುಗುತ್ತದೆ, ಮಡಚಿದ ಕೈಯ ಹಾಗೆ. ನಾವು ಅದಕ್ಕೆ ಮೊಣಕೈ ಎನ್ನುತ್ತೇವೆ. ತಿರುವು ಬರುವ ಮೊದಲೇ ಕೂಗಿದೆ, "ಮೊಣಕೈ! ಎಡಕ್ಕೆ, ನಿಧಾನ!" ಭಾವ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿದರು. ನಾನು ಹೊಸ ಕಥೆ ಶುರುಮಾಡಿದೆ.

ತಪ್ಪಾದದ್ದು ಅಲ್ಲಿ. ಇಷ್ಟು ವರ್ಷ ಈ ಏರಿಯ ಮೇಲೆ ಓಡಾಡಿದ ನಾವಿಬ್ಬರೂ ಒಂದು ಸಣ್ಣ ವಿಷಯ ಯೋಚಿಸಿರಲಿಲ್ಲ. ಮೊಣಕೈ ದಾಟಿದರೆ ಗಾಳಿ ಬೆನ್ನಿಗೆ. ಸಾಲು ಉದ್ದವಿದ್ದಾಗ ಕೂಗು ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು, ಗಾಳಿ ಎತ್ತ ಬೀಸಿದರೂ ನಡೆಯುತ್ತಿತ್ತು. ಈಗ ನಡುವೆ ಯಾರಿದ್ದರು? ನನ್ನ ಬಾಯಿಂದ ಹೊರಟ ಮಾತೆಲ್ಲ ಹಿಂದೆ ಹೋಗದೆ ನನಗಿಂತ ಮುಂದೆ ಓಡುತ್ತಿತ್ತು. ಬೆನ್ನಿಗೆ ಗಾಳಿ ಸಿಕ್ಕ ಸೈಕಲ್ಲು ತುಳಿಯದೆಯೇ ಹಾರುತ್ತಿತ್ತು. ನಾನು ಕಥೆ ಹೇಳಿದ್ದೇ ಹೇಳಿದ್ದು. ಮುಂದೆ ಸಿಗುವ ಕಿರುಸೇತುವೆಯ ಹತ್ತಿರ ಕಥೆ ಮುಗಿಸಿ, ನಗು ಬರಲೆಂದು ಕಾದೆ.

ನಗು ಬರಲಿಲ್ಲ.

ತಿರುಗಿ ನೋಡಿದೆ. ಏರಿ ಖಾಲಿ. ಆ ನೆಲದಲ್ಲಿ ಮರೆಯಾಗಲು ಗುಡ್ಡವಿಲ್ಲ, ಮರವಿಲ್ಲ. ದೂರದ ಮೊಣಕೈಯವರೆಗೂ ಪೂರ್ತಿ ಕಾಣುತ್ತದೆ. ಕಾಣಬೇಕಾದ ಮನುಷ್ಯ ಇಲ್ಲದಿದ್ದರೆ ಅವನು ಹೋಗಬಹುದಾದ ಜಾಗ ಒಂದೇ. ಕೆಳಗೆ.

ನನ್ನ ಬಾಯಿ ಅಲ್ಲಿ ಮುಚ್ಚಿತು. ಗಾಳಿಗೆ ಎದೆ ಕೊಟ್ಟು ಹಿಂದಕ್ಕೆ ತುಳಿದೆ. "ಭಾವ! ಭಾವ!" ಎಂದು ಕೂಗಿದರೆ ಗಾಳಿ ಆ ಕೂಗನ್ನು ನನ್ನ ಬೆನ್ನ ಹಿಂದೆ ಎಸೆಯುತ್ತಿತ್ತು. ಆ ಕಡೆಯಿಂದ ಅವರು ಕೂಗಿದ್ದರೆ ನನಗೆ ಕೇಳಿಸಬೇಕಿತ್ತು, ಗಾಳಿಯೇ ಹೊತ್ತು ತರುತ್ತಿತ್ತು. ಏನೂ ಬರಲಿಲ್ಲ. ಎರಡು ಬದಿಯ ನೀರನ್ನು ನೋಡುತ್ತಾ ತುಳಿದೆ. ನೀರಿನಲ್ಲಿ ಟೊಪ್ಪಿ ತೇಲುತ್ತಿದೆಯೇ, ಚಕ್ರ ಕಾಣುತ್ತಿದೆಯೇ ಎಂದು ನೋಡುತ್ತಿದ್ದೆ. ಅಕ್ಕನ ಮುಂದೆ ಹೇಗೆ ನಿಲ್ಲಲಿ ಎಂದು ಮನಸ್ಸು ಆಗಲೇ ಮಾತು ಹುಡುಕುತ್ತಿತ್ತು. ಅಷ್ಟು ಮಾತು ಬಲ್ಲವನಿಗೆ ಒಂದೂ ಸಿಗಲಿಲ್ಲ.

ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬಬೇಡಿ, ಆದರೆ ಕೇಳಿ.

ಏರಿಯ ಕೆಳಗೆ, ಜೊಂಡಿನ ಅಂಚಿನ ಕೆಸರಿನಲ್ಲಿ, ಸೈಕಲ್ಲು ನೆಟ್ಟಗೆ ನಿಂತಿತ್ತು. ಚಕ್ರಗಳು ಅರ್ಧದವರೆಗೆ ಹೂತಿದ್ದವು. ಸೀಟಿನ ಮೇಲೆ ಭಾವ. ಕೈ ಹ್ಯಾಂಡಲ್ ಮೇಲೆ, ಪಾದ ಪೆಡಲ್ ಮೇಲೆ, ಬೆನ್ನು ಕಂಬದ ಹಾಗೆ. ಹೋಗುತ್ತಿರುವ ಮನುಷ್ಯನ ಚಿತ್ರ ಬರೆದು ಅಲ್ಲಿ ನಿಲ್ಲಿಸಿದ ಹಾಗಿತ್ತು. ಪಕ್ಕದಲ್ಲಿ ಒಂದು ಕೊಕ್ಕರೆ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು, ಇಬ್ಬರೂ ಗೇಟು ತೆರೆಯಲೆಂದು ಕಾಯುವವರ ಹಾಗೆ.

ಜಾರಿಕೊಂಡು ಇಳಿದೆ. ಕೊಕ್ಕರೆ ಹಾರಿತು. "ಭಾವ," ಎಂದೆ.

ಅವರು ಬೆಚ್ಚಿದರು. "ನೀನು ಮಾತಾಡಿದೆಯಾ?" ಎಂದು ಕೇಳಿದರು.

"ಹೂಂ, ಭಾವ."

"ಇನ್ನೊಂದ್ಸಲ ಮಾತಾಡು."

"ಏನು ಮಾತಾಡ್ಲಿ?"

"ಸಾಕು. ಕೇಳಿಸ್ತು." ಅವರು ಹ್ಯಾಂಡಲ್ ಇನ್ನಷ್ಟು ಬಿಗಿಯಾಗಿ ಹಿಡಿದರು. "ಮೊಣಕೈ ದಾಟಿದ್ದೇ ತಡ, ನಿನ್ನ ದನಿ ನಿಂತುಹೋಯ್ತು. ಗಾಳಿ ಸದ್ದೂ ಇಲ್ಲ, ಏನೂ ಇಲ್ಲ. ನೀನು ಬಾಯಿ ಮುಚ್ಚೋದಂತೂ ಆಗೋ ಮಾತಲ್ಲ. ಹಾಗಾದ್ರೆ ನನ್ನ ಕಿವೀನೇ ಹೋಯ್ತು ಅಂದ್ಕೊಂಡೆ. ಕಣ್ಣಿನ ಹಿಂದೆ ಅದೂ ಹೊರಟ್ತು ಅಂದ್ಕೊಂಡೆ ಕಣೋ."

ಗಾಳಿಯ ಜೊತೆಗೇ ಗಾಳಿಯ ವೇಗದಲ್ಲಿ ಹೋದರೆ ಕಿವಿಯಲ್ಲಿ ಏನೂ ಬೀಸುವುದಿಲ್ಲ, ಲೋಕವೇ ನಿಂತ ಹಾಗಾಗುತ್ತದೆ. ನಾನು ಅದನ್ನು ನೂರು ಸಲ ಅನುಭವಿಸಿ ಸುಖಪಟ್ಟಿದ್ದೆ. ಅವರಿಗೆ ಅದು ಹೇಗಿದ್ದಿರಬೇಕೆಂದು ಆಗ ಹೊಳೆಯಿತು.

"ಒಂದು ಕೂಗು ಹಾಕ್ಬಾರದಿತ್ತಾ ಭಾವ? ನನಗೆ ಕೇಳ್ತಿತ್ತು."

"ಹಿಂದಿರೋರು ಯಾವತ್ತಾದ್ರೂ ಕೂಗಿದ್ದಾರಾ ನಮ್ಮಲ್ಲಿ?"

ಇಲ್ಲ. ನಮ್ಮ ಸಾಲಿನಲ್ಲಿ ಕೂಗು ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಹಿಂದಿನಿಂದ ಮುಂದಕ್ಕೆ ಹೋಗುವ ಕೂಗು ನಮ್ಮಲ್ಲಿರಲೇ ಇಲ್ಲ. ಆ ಕಟ್ಟಳೆ ಮಾಡಿದವರೂ ಅವರೇ.

"ಸರಿ, ಇಳೀರಿ."

"ಮೊದ್ಲು ನೋಡು. ಸರಿಯಾಗಿ ನೋಡ್ಕೋ. ನಾನು ಬಿದ್ದಿಲ್ಲ."

"ಇಲ್ಲ ಭಾವ."

"ಕಾಲೂ ಊರಿಲ್ಲ. ಯಾರಾದ್ರೂ ನೋಡೋವರೆಗೆ ಇಳೀಬಾರದು ಅಂತ ಕೂತಿದ್ದೀನಿ." ಒಂದು ನಿಟ್ಟುಸಿರು. "ಹೋಗಿ ಹೋಗಿ ಸಾಕ್ಷಿಗೆ ನೀನು ಸಿಕ್ಕಿದೆಯಲ್ಲೋ, ಬುರುಡೆ!"

ಇಬ್ಬರೂ ನಕ್ಕೆವು. ಆದರೆ ಅದು ನಗುವ ವಿಷಯವಾಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ಭಾವ ಹ್ಯಾಂಡಲ್ ಹಿಡಿದು, ನಾನು ಚಕ್ರ ಹಿಡಿದು, ಸೈಕಲ್ಲನ್ನು ಕೆಸರಿನಿಂದ ಕಿತ್ತು ಮೇಲಕ್ಕೆ ಎಳೆದೆವು. ಮನೆಗೆ ಹೋಗೋಣ ಎಂದೆ. ಭಾವ ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಎತ್ತಿ ಹಿಡಿದರು.

"ಗಾಳಿ ಬೆನ್ನಿಗಿದೆ. ಅಂದ್ರೆ ಮಾತು ಮುಂದಕ್ಕೆ ಹೋಗುತ್ತೆ. ಹಾಗಾದ್ರೆ ನಾನು ಮುಂದೆ, ನೀನು ಹಿಂದೆ."

"ಮುಂದೆ ಹೋದ್ರೆ ಏನು ಕಾಣುತ್ತೆ ನಿಮಗೆ?"

"ಹಿಂದಿದ್ದಾಗ ಏನು ಕಾಣ್ತಿತ್ತು? ನಿನ್ನ ಮಡ್‌ಗಾರ್ಡು. ಅದೇನು ನೋಡೋ ವಸ್ತುನಾ?"

ಹಾಗೆ ಭಾವ ಮತ್ತೆ ಮುಂದೆ ಹೋದರು. ಆ ದಿನ ಆ ಏರಿಯ ಮೇಲೆ ಮೊದಲ ಸಲ ಕೂಗು ಹಿಂದಿನಿಂದ ಹೊರಟಿತು. ಕಥೆ ಹೇಳುವ ಧೈರ್ಯ ನನಗಿರಲಿಲ್ಲ. "ನೇರ. ನೇರ. ಒಂಚೂರು ಬಲ. ನೇರ." ಅಷ್ಟೇ. ಎಷ್ಟೋ ವರ್ಷ ನೋಡಿದ ಬೆನ್ನೇ ಅದು. ಅದೇ ಅಗಲ, ಅದೇ ಎಡಗಡೆ ತುಸು ವಾಲುವಿಕೆ. ಹಿಂದಿನಿಂದ ನೋಡಿದರೆ ಕಣ್ಣು ಹೋದದ್ದು ಕಾಣುವುದಿಲ್ಲ.

ಕಿರುಸೇತುವೆ ದಾಟಿದ ಮೇಲೆ ಅವರು ಇದ್ದಕ್ಕಿದ್ದಂತೆ "ಗುಂಡಿ!" ಎಂದು ಕೂಗಿ ಬಲಕ್ಕೆ ಸರಿದರು. ಅಲ್ಲಿ ಗುಂಡಿ ಇರಲಿಲ್ಲ. ಒಂದು ಕಾಲದಲ್ಲಿತ್ತು, ಮುಚ್ಚಿ ಎಷ್ಟೋ ಕಾಲವಾಗಿತ್ತು. ನಾನೂ ಬಲಕ್ಕೆ ಸರಿದೆ. ತಿರುಗಿ ಖಾಲಿ ಏರಿಗೆ "ಗುಂಡಿ!" ಎಂದೆ. ಇಲ್ಲದ ಗುಂಡಿಯನ್ನು ಇಬ್ಬರೂ ಬಳಸಿಕೊಂಡು ಹೋದೆವು.

ಕೊನೆಯ ತೂಬಿನ ಕಲ್ಲಿನ ಮೇಲೆ ಕೂತೆವು. ಭಾವ ನೀರಿನ ಕಡೆ ಮುಖ ಮಾಡಿ ತಲೆಯನ್ನು ಅತ್ತಿತ್ತ ಆಡಿಸಿದರು, ಕೊಳವೆಯಲ್ಲಿ ಏನನ್ನೋ ಹುಡುಕುವವರ ಹಾಗೆ. ಆಮೇಲೆ ಆಡಿಸುವುದನ್ನು ಬಿಟ್ಟರು.

"ಏನು ಕಾಣುತ್ತೆ, ಹೇಳು."

"ಅಬ್ಬಬ್ಬಾ ಭಾವ, ಲಕ್ಷಗಟ್ಟಲೆ ಹಕ್ಕಿ, ಆಕಾಶಾನೇ..."

"ಸೇರಿಸ್ಬೇಡ."

ಮೆಲ್ಲಗೆ ಹೇಳಿದರು, ಬೈದ ಹಾಗಲ್ಲ. ಆಮೇಲೆ ಮೊದಲ ಬಾರಿಗೆ ಆ ನೀರನ್ನು ನೋಡಿದೆ. ಎಷ್ಟು ಸಲ ಬಂದಿದ್ದೆನೋ, ಒಮ್ಮೆಯೂ ನೋಡಿರಲಿಲ್ಲ.

"ನೀರು," ಎಂದೆ.

"ಬಣ್ಣ?"

"ಬೂದಿ ಬಣ್ಣ. ದಡದ ಹತ್ರ ಮಣ್ಣಿನ ಬಣ್ಣ."

"ಹಕ್ಕಿ?"

"ಎರಡು ಬಾತು."

"ಎರಡೇನಾ?"

"ಎರಡೇ ಭಾವ." ಅಷ್ಟು ಕಡಿಮೆ ಹೇಳಲು ನನಗೆ ನಾಚಿಕೆಯಾಯಿತು. "ಈಗ ಒಂದೇ. ಒಂದು ಮುಳುಗ್ತು."

ಭಾವ ಉಸಿರು ಹಿಡಿದರು. "ಎದ್ದಿತಾ?"

"ಇನ್ನೂ ಇಲ್ಲ."

ಗಾಳಿ ಬೀಸುತ್ತಿತ್ತು. ತೂಬಿನ ಕಬ್ಬಿಣ ಎಲ್ಲೋ ಕಿರ್ರೆಂದಿತು.

"ಈಗ?"

"ಇಲ್ಲ... ಎದ್ದಿತು ಭಾವ. ಎದ್ದಿತು. ದೂರದಲ್ಲಿ ಎದ್ದಿತು."

ಅವರು ಉಸಿರು ಬಿಟ್ಟರು. ಹೊಳೆಯುವ ಮುಖ ಅಂತೆಲ್ಲ ನಾನು ಹೇಳುವುದಿಲ್ಲ. ಕೆನ್ನೆ ಒದ್ದೆಯಾಗಿತ್ತು, ಅಷ್ಟೇ. ಗಾಳಿಗೂ ಹಾಗಾಗುತ್ತದೆ.

ಹಿಂದಿರುಗುವಾಗ ಮೊಣಕೈವರೆಗೆ ಗಾಳಿ ಎದುರು, ನಾನು ಮುಂದೆ. ಮೊಣಕೈ ದಾಟಿದ ಮೇಲೆ ಗಾಳಿ ಬೆನ್ನಿಗೆ, ಭಾವ ಮುಂದೆ. ಹೀಗಾಗಿ ಕಲ್ಲುಕಂಬದ ಹತ್ತಿರ ನಿಂತಿದ್ದ ಅಕ್ಕನಿಗೆ ಮೊದಲು ಕಂಡದ್ದು ಗಂಡನೇ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಗಂಡ.

"ಬಿದ್ರಾ?" ಎಂದಳು.

ನಾನು ಬಾಯಿ ತೆರೆದೆ. "ನೀನು ಸುಮ್ನಿರು!" ಎಂದು ಅಕ್ಕ ಗದರಿದಳು.

"ಬಿದ್ದಿಲ್ಲ. ಕೆಸರಿಗೆ ಇಳಿದೆ, ಬಿದ್ದಿಲ್ಲ. ಸಾಕ್ಷಿ ಇದ್ದಾನೆ," ಎಂದರು ಭಾವ.

"ಯಾರು, ಇವನಾ?"

ಆಗ ಹೇಳಲೇಬೇಕಾಯಿತು. ಗಾಳಿ ತಿರುಗಿದ್ದು, ಚಕ್ರ ಹೂತದ್ದು, ಸೈಕಲ್ಲು ನೆಟ್ಟಗೆ ನಿಂತದ್ದು, ಭಾವ ಅದರ ಮೇಲೆ ಕೂತೇ ಇದ್ದದ್ದು. ಹೇಳುತ್ತಾ ಹೋದ ಹಾಗೆ ನನ್ನ ಕಿವಿಗೇ ಅದು ನಾನು ಬಿಟ್ಟ ಬುರುಡೆಗಳಲ್ಲೆಲ್ಲ ಕಡೆಯ ದರ್ಜೆಯದ್ದು ಎನ್ನಿಸಿತು. ಕೊಕ್ಕರೆಯನ್ನಾದರೂ ಬಿಡಬಹುದಿತ್ತು.

"ಕೊಕ್ಕರೆ ಬೇರೆ ಇತ್ತಾ?" ಎಂದಳು ಅಕ್ಕ.

"ಇತ್ತು ಅಕ್ಕ. ಇತ್ತು. ಏನು ಮಾಡ್ಲಿ?"

ಅವಳು ನನ್ನನ್ನು ಬಿಟ್ಟು ಭಾವನ ಹತ್ತಿರ ಹೋದಳು. ಅವರ ಎರಡೂ ಕೈಗಳನ್ನು ಹಿಡಿದು ಅಂಗೈ ಮೇಲೆ ಮಾಡಿದಳು. ಬೀಳುವ ಮನುಷ್ಯ ಮೊದಲು ಊರುವುದು ಕೈಯನ್ನು. ಹಿಂದೆ ಕಾಲುವೆಗೆ ಬಿದ್ದಾಗ ಆ ಅಂಗೈಗಳಿಂದ ಮರಳಿನ ಕಣಗಳನ್ನು ಸೂಜಿ ಹಿಡಿದು ಒಂದೊಂದಾಗಿ ತೆಗೆದವಳು ಅವಳು. ಬಗ್ಗಿ ನೋಡಿದಳು. ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಹ್ಯಾಂಡಲ್ಲಿನ ರಬ್ಬರಿನ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ಉಗುರಿನ ಅಂಚಿನಲ್ಲಿ ಕೂಡ ಕೆಸರು ಇರಲಿಲ್ಲ.

ಭಾವ ಅಲುಗಾಡದೆ ನಿಂತಿದ್ದರು. ಕಣ್ಣು ಎತ್ತಲೋ, ಕಿವಿ ಇತ್ತ.

ಅಕ್ಕ ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ ಬಿಟ್ಟಳು. "ಚಕ್ರ ತೊಳೀಬೇಕು," ಎಂದಳು. "ಮಣ್ಣು ಒಣಗಿದ್ರೆ ಬೇರಿಂಗು ಹಾಳಾಗುತ್ತೆ." ಹೇಳಿ ಬಕೆಟ್ ತರಲು ಹೋದಳು. ಬಕೆಟ್ ತುಂಬಲು ಅಷ್ಟು ಹೊತ್ತು ಯಾಕೆ ಬೇಕಾಯಿತೋ ನಾನು ಕೇಳಲಿಲ್ಲ.

ಈಗ ಭಾವನಿಗೆ ಕೊಳವೆಯೂ ಇಲ್ಲ, ಪೂರ್ತಿ ಕತ್ತಲು. ಆದರೂ ಹೋಗುತ್ತೇವೆ. ಗಾಳಿ ಬೆನ್ನಿಗಿದ್ದರೆ ಅವರು ಮುಂದೆ, ಎದುರಿಗಿದ್ದರೆ ನಾನು. ತೊಂದರೆ ನನ್ನದೊಂದೇ. ಪಂಪ್‌ಹೌಸಿನಿಂದ ಮೊಣಕೈವರೆಗೆ ಬಾಯಿ ಮುಚ್ಚುವಂತಿಲ್ಲ, ಕಥೆಗಳೋ ಮುಗಿದಿವೆ. ಹಳೆಯದು ಹೇಳಿದರೆ, "ಹೋದ್ಸಲ ನಾಯಿ ಇತ್ತಲ್ಲೋ, ಈ ಸಲ ಕುದುರೆ ಹೇಗಾಯ್ತು?" ಎಂದು ಹಿಂದಿನಿಂದ ಕೂಗುತ್ತಾರೆ. ಈಗ ಹಿಂದಿನವರಿಗೂ ಕೂಗುವ ಹಕ್ಕಿದೆಯಲ್ಲ.

ಆದ್ದರಿಂದ ನೀವು ಒಂದು ಕಥೆ ಕೊಟ್ಟು ಹೊರಡಿ. ಮೊಣಕೈವರೆಗೆ ಸಾಲುವಷ್ಟು ಉದ್ದವಿರಲಿ. ನಿಜದ್ದು ಬೇಡ, ಅದು ನಮ್ಮ ಹತ್ತಿರ ಒಂದಿದೆ. ಒಳ್ಳೆಯ ಗಟ್ಟಿ ಸುಳ್ಳು ಬೇಕು. ನಿಮಗೆ ಬರುವುದಿಲ್ಲ ಎನ್ನಬೇಡಿ, ಮುಖ ನೋಡಿದರೆ ಗೊತ್ತಾಗುತ್ತದೆ. ಅವಸರವೇನಿಲ್ಲ, ಕೂತು ಯೋಚನೆ ಮಾಡಿ. ನಿಮ್ಮ ಸೈಕಲ್ಲಿನ ಬೀಗದ ಕೈ ಹೇಗೂ ನನ್ನ ಜೇಬಿನಲ್ಲೇ ಇದೆ.